ಬಿಳಿ ಕಾರಿನ ಬ್ಯಾಟರಿ ತಿಂದವರು ಯಾರು?

ನನ್ನ ತವರು ಗುತ್ತಿನ ಮನೆ. ಅಜ್ಜನ ಕಾಲದಲ್ಲಿ ಊರಿನ ತಕರಾರುಗಳು ನಮ್ಮ ಚಾವಡಿಯಲ್ಲಿ ತೀರ್ಮಾನವಾಗುತ್ತಿದ್ದವು. ಗೆದ್ದವರೂ ಸೋತವರೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿ ಹೋಗುತ್ತಿದ್ದರು. ಅಜ್ಜ ಹೇಳಿದ್ದು ಸರಿಯಲ್ಲ ಎಂದು ಯಾರೂ ದಾರಿಯಲ್ಲಿ ಗೊಣಗಿದ್ದಿಲ್ಲ. ತಂದೆಯವರು ಮಂಗಳೂರಿಗೆ ಬಂದು ಹೋಟೆಲ್ ನಡೆಸಿದರು. ಅಂಚು ಒಡೆದ ಲೋಟ ಮೇಜಿಗೆ ಬಂದರೆ ಅಲ್ಲಿ ಬೈಗುಳ ಅದನ್ನು ತಂದವನಿಗಲ್ಲ, ಮ್ಯಾನೇಜರಿಗೆ. ನನ್ನನ್ನು ಅವರು ಕಾನ್ವೆಂಟಿಗೆ ಹಾಕಿದರು. ಸಿಸ್ಟರುಗಳು ಇಂಗ್ಲಿಷ್, ಹೊಲಿಗೆ, ಭೌತಶಾಸ್ತ್ರ ಎಲ್ಲ ಕಲಿಸಿದರು. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಕಲಿಸಿದ್ದು, ಕೋಣೆಯಿಂದ ಹೊರಡುವಾಗ ಲೈಟು ಆರಿಸಬೇಕು, ಆರಿಸಿದ ಮೇಲೆ ಬಾಗಿಲಲ್ಲಿ ನಿಂತು ಮತ್ತೊಮ್ಮೆ ತಿರುಗಿ ನೋಡಬೇಕು ಎಂಬುದನ್ನು. ಅಂದಿನಿಂದ ಇಂದಿನವರೆಗೆ ನಾನು ಒಂದು ಲೈಟನ್ನೂ ಉರಿಯಲು ಬಿಟ್ಟು ಬಂದವಳಲ್ಲ.

ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಬರುವ ಆರೋಪ ಎಂಥವಳ ಮೇಲೆ ಬಂತು ಎಂದು ಓದುವವರಿಗೆ ತಿಳಿದಿರಲಿ ಎಂದು ಹೇಳಿದೆ.

ತಂದೆಯವರು ಕೊನೆಗೆ ಕೊಂಡ ಕಾರು ಈಗ ನನ್ನ ಹತ್ತಿರ ಇದೆ. ಬಿಳಿ ಬಣ್ಣ, ಹಿಂದೆ ದೊಡ್ಡ ಡಿಕ್ಕಿ. ಮಣ್ಣಗುಡ್ಡದ ನಮ್ಮ ಮನೆಯಿಂದ ಮೀನು ಮಾರ್ಕೆಟಿಗೂ ದೇವಸ್ಥಾನಕ್ಕೂ ಹಳೆಯ ವಿದ್ಯಾರ್ಥಿನಿಯರ ಸಭೆಗೂ ನಾನೇ ಅದನ್ನು ಓಡಿಸಿಕೊಂಡು ಹೋಗುತ್ತೇನೆ. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ವೇಗ ಹೆಚ್ಚಿಸುವುದಿಲ್ಲ. ಹಳೆಯ ಕಾರು ಇರುವ ಮನೆಯಲ್ಲಿ ದಿನಕ್ಕೊಂದು ಕತೆ ಆಗುತ್ತಲೇ ಇರುತ್ತದೆ. ನಾವು ಕರೆಯದಿದ್ದರೂ ಬರುತ್ತದೆ, ಬಂದರೆ ಜನರ ಎದುರೇ ಬರುತ್ತದೆ.

ಮೀನು ಮುಂದೆ, ಯಜಮಾನರು ಹಿಂದೆ

ನನ್ನ ಯಜಮಾನರಿಗೆ ಒಬ್ಬ ತಮ್ಮ. ಬಜಪೆಯಲ್ಲಿ ಹೋಟೆಲ್ ಇಟ್ಟಿದ್ದಾನೆ. ನಾನು ಮದುವೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಮಾವಿನ ಮರದಲ್ಲಿ ಇರುತ್ತಿದ್ದ, ಹಾಗಾಗಿ ಏಕವಚನ. ಈಗ ಅವನ ಹೊಟ್ಟೆಗೂ ಮಾತಿಗೂ ಅಡ್ಡ ಬರುವವರಿಲ್ಲ.

ಕುಟುಂಬದ ಮನೆಯಲ್ಲಿ ದೈವಕ್ಕೆ ವರ್ಷದ ತಂಬಿಲದ ಪೂಜೆ ಆಯಿತು. ಮರುದಿನ ಅವನು ಪ್ರಸಾದ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಬಾಳೆ ಎಲೆಯಲ್ಲಿ ಅಡಿಕೆಯ ಹೂವಿನ ಹಿಂಗಾರ, ಗಂಧ, ಅರಶಿನದ ನೂಲು.

"ಅತ್ತಿಗೆ, ನಿಮ್ಮ ಕಾರಿಗೆ ಒಂದು ರಕ್ಷೆ ಕಟ್ತೇನೆ. ಈ ಕಾಲದಲ್ಲಿ ರಸ್ತೆಯಲ್ಲಿ ಎಂತೆಂಥ ಜನ ಉಂಟು."

"ಕಟ್ಟು. ಆದರೆ ಡ್ಯಾಶ್‌ಬೋರ್ಡಿನ ಮೇಲೆ ಅರಶಿನ ಬೀಳಬಾರದು. ಕನ್ನಡಿಗೂ ಬೇಡ, ಎದುರಿನದ್ದು ಕಾಣುವುದಿಲ್ಲ."

"ಮತ್ತೆಲ್ಲಿ ಕಟ್ಟುವುದು ಮಾರಾಯ್ರೆ?"

ಅವನು ಕಾರಿಗೆ ಎರಡು ಸುತ್ತು ಬಂದ. ಕೊನೆಗೆ ಡಿಕ್ಕಿ ತೆರೆದು, ತಲೆ ಒಳಗೆ ಹಾಕಿ, ಏನನ್ನೋ ಹುಡುಕಿ, ಅಲ್ಲೇ ಎಲ್ಲಿಯೋ ಕಟ್ಟಿದ. ಗಂಟನ್ನು ನಾನು ನೋಡಲಿಲ್ಲ. ಗಟ್ಟಿಯಾಗಿ ಕಟ್ಟಿದ್ದಾನೆ ಎಂದು ಅವನ ಉಸಿರಿನಿಂದ ಗೊತ್ತಾಯಿತು.

"ಮುಂದಿನ ತಂಬಿಲದ ತನಕ ಯಾರೂ ಮುಟ್ಟಬಾರದು. ಮತ್ತೆ ಅತ್ತಿಗೆ, ಡಿಕ್ಕಿಯಲ್ಲಿ ಇನ್ನು ಮೀನು ಇಡಬೇಡಿ. ರಕ್ಷೆ ಉಂಟಲ್ಲ."

ಇದು ನ್ಯಾಯವಾದ ಮಾತು. ಅಂದಿನಿಂದ ಡಿಕ್ಕಿ ತೆರೆಯುವುದನ್ನೇ ಬಿಟ್ಟೆವು. ಮೀನಿನ ಚೀಲ ಮುಂದಿನ ಸೀಟಿಗೆ ಬಂತು, ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಯಜಮಾನರು ಹಿಂದಿನ ಸೀಟಿಗೆ ಹೋದರು. ಅವರು ತಕರಾರು ಮಾಡುವವರಲ್ಲ, ಪೇಪರ್ ಓದಲು ಜಾಗ ಸಿಕ್ಕಿದರೆ ಸಾಕು. ಚೀಲ ತಿರುವಿನಲ್ಲಿ ವಾಲಿ ನೀರು ಸೋರಬಾರದು ಎಂದು ನಾನು ಅದಕ್ಕೆ ಸೀಟ್ ಬೆಲ್ಟ್ ಹಾಕಿದೆ.

ಒಂದು ಬೆಳಿಗ್ಗೆ ಬೆಂಗ್ರೆಯ ಕಡೆಯಿಂದ ಬಂದ ಒಳ್ಳೆಯ ಬಂಗುಡೆ ಮೀನು ಸಿಕ್ಕಿತ್ತು. ಸಿಗ್ನಲಿನಲ್ಲಿ ನಿಂತಾಗ ಟ್ರಾಫಿಕ್ ಪೊಲೀಸಿನವರು ಬಗ್ಗಿ ಒಳಗೆ ನೋಡಿದರು. ನನ್ನನ್ನು ನೋಡಿದರು, ಬೆಲ್ಟ್ ಇತ್ತು. ಚೀಲವನ್ನು ನೋಡಿದರು, ಅದಕ್ಕೂ ಇತ್ತು. ಹಿಂದೆ ಪೇಪರಿನ ಹಿಂದಿದ್ದ ಯಜಮಾನರನ್ನು ನೋಡಿದರು.

"ಎಂತ ಮೇಡಂ ಇದು? ಬಂಗುಡೆಗೆ ಬೆಲ್ಟ್ ಉಂಟು, ಸಾರ್‌ಗೆ ಇಲ್ಲ!"

ತಳ್ಳಿದವರು ಅಲ್ಲೇ ಉಳಿದದ್ದು

ಕಾರು ಮೊದಲ ಸಲ ಕೈಕೊಟ್ಟದ್ದು ನಮ್ಮ ಕುಟುಂಬದ ಒಂದು ಮದುವೆಯ ದಿನ. ಮದುಮಗಳ ಮುಡಿಗೆ ಮಲ್ಲಿಗೆ ತಲುಪಿಸುವ ಜವಾಬ್ದಾರಿ ನನ್ನದು. ನನಗೆ ಒಪ್ಪಿಸಿದರೆ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಮೂರು ನಾಲ್ಕು ದಿನ ಕಾರು ತೆಗೆದಿರಲಿಲ್ಲ. ಕೀ ತಿರುಗಿಸಿದೆ. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಅಷ್ಟೂ ಅನ್ನಲಿಲ್ಲ.

ನಮ್ಮ ಮನೆಯ ಗೇಟಿನಿಂದ ರಸ್ತೆ ಇಳಿಜಾರು. ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂದು ಯಜಮಾನರು ಹೇಳಿದರು. ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ತಳ್ಳಿದರು. ಪಕ್ಕದ ಮನೆಯ ನಿವೃತ್ತ ಪ್ರೊಫೆಸರರೂ ಹಲ್ಲುಜ್ಜುತ್ತಿದ್ದ ಬ್ರಷ್ ಬಾಯಲ್ಲಿ ಕಚ್ಚಿಕೊಂಡೇ ಬಂದು ಕೈ ಹಾಕಿದರು. ಕಾರು ಉರುಳಿತು, ಕೆಮ್ಮಿತು, ಸ್ಟಾರ್ಟ್ ಆಯಿತು.

ಇನ್ನು ನಿಲ್ಲಿಸಿದರೆ ಮತ್ತೆ ಆರಿಹೋಗಬಹುದು. ಮಲ್ಲಿಗೆಯೂ ಕಾಯುವುದಿಲ್ಲ, ಮುಹೂರ್ತವೂ ಕಾಯುವುದಿಲ್ಲ. ಕನ್ನಡಿಯಲ್ಲಿ ನೋಡಿದಾಗ ಯಜಮಾನರು ಕೈ ಬೀಸುತ್ತಾ ಓಡಿ ಬರುತ್ತಿದ್ದರು. ನಾನೂ ಕೈ ಬೀಸಿದೆ.

ಮಲ್ಲಿಗೆ ಸರಿಯಾದ ಹೊತ್ತಿಗೆ ತಲುಪಿತು. ಯಜಮಾನರು ಸಿಟಿ ಬಸ್ಸಿನಲ್ಲಿ ಬಂದರು. ಪ್ರೊಫೆಸರರು ನಮ್ಮ ಮನೆಗೆ ಬೀಗ ಹಾಕಿಲ್ಲ ಎಂದು ಗೇಟಿನಲ್ಲೇ ಬ್ರಷ್ ಹಿಡಿದು ಮಧ್ಯಾಹ್ನದವರೆಗೆ ಕಾವಲು ಕೂತರಂತೆ.

ಊಟದ ಸಾಲಿನಲ್ಲಿ ತೀರ್ಪು

ಆ ದಿನದ ಊಟದಲ್ಲಿ ನಡೆದದ್ದನ್ನು ಈಗ ಹೇಳಬೇಕು. ನಮ್ಮ ಮನೆಯ ಮಾತು ತುಳು. ಕನ್ನಡಕ್ಕೆ ತರುವಾಗ ಸ್ವಲ್ಪ ಮೆತ್ತಗಾಗಿದೆ ಎಂದು ತಿಳಿದುಕೊಳ್ಳಿ.

ಸಾಲಿನಲ್ಲಿ ನಮ್ಮ ಕಡೆಯವರೆಲ್ಲ ಕೂತಿದ್ದರು. ಯಜಮಾನರು ಬಸ್ಸಿನಲ್ಲಿ ಬಂದದ್ದು ಯಾಕೆ ಎಂದು ಯಾರೋ ಕೇಳಿದರು. ಅವರು ಉತ್ತರ ಹೇಳುವ ಮೊದಲೇ ಮೈದುನ ಎದುರಿನ ಸಾಲಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದ:

"ಬ್ಯಾಟರಿ ಸುಮ್ಮನೆ ಖಾಲಿ ಆಗ್ತದಾ? ಅತ್ತಿಗೆ ಲೈಟ್ ಹಾಕಿಯೇ ಇಳಿದಿರ್ತಾರೆ. ಪ್ರಾಯ ಆಯ್ತಲ್ಲ ಮಾರಾಯ್ರೆ. ನಮ್ಮ ಅಮ್ಮನಿಗೂ ಮರೆವು ಹೀಗೇ ಶುರುವಾದದ್ದು."

"ನಾನು ಲೈಟ್ ಆರಿಸಿದ್ದೇನೆ," ಎಂದೆ.

"ಆರಿಸಿದ್ದೇನೆ ಅಂತ ನಿಮಗೆ ನೆನಪುಂಟು. ಅದೇ ಅಲ್ವಾ ಈ ಕಾಯಿಲೆ?"

ನೆನಪಿದೆ ಎಂದರೆ ಕಾಯಿಲೆ, ನೆನಪಿಲ್ಲ ಎಂದರೂ ಕಾಯಿಲೆ.

ಅವನು ಅಷ್ಟಕ್ಕೆ ಬಿಡಲಿಲ್ಲ. "ಇನ್ನೊಂದು ಸಲ ಕಾರು ನಿಂತರೆ ಎರಡೂ ಕೀ ನನಗೆ ಕೊಡಬೇಕು. ಅತ್ತಿಗೆ ಇನ್ನು ಓಡಿಸುವುದು ಬೇಡ. ಎಲ್ಲಿಗೆ ಹೋಗಬೇಕಾದರೂ ನನ್ನ ಹೋಟೆಲಿನ ಡ್ರೈವರನ್ನು ಕಳಿಸ್ತೇನೆ." ಸಾಲಿನಲ್ಲಿದ್ದವರು ತಲೆ ಆಡಿಸಿದರು. ಯಜಮಾನರು ಪಾಯಸದ ಕಡೆ ನೋಡಿದರು. ಗುತ್ತಿನ ಮನೆಯ ಮಗಳು, ಹೋಟೆಲಿನ ಡ್ರೈವರ್ ಯಾವಾಗ ಬಿಡುವಾಗುತ್ತಾನೆ ಎಂದು ಗೇಟಿನಲ್ಲಿ ಕಾದು ನಿಲ್ಲುವ ದೃಶ್ಯ ನನ್ನ ಕಣ್ಣಿಗೆ ಬಂತು.

ಊಟ ಮುಗಿಯುವಷ್ಟರಲ್ಲಿ ಸುದ್ದಿ ಇಡೀ ಹಾಲಿಗೆ ಹಬ್ಬಿತ್ತು. ಎಲ್ಲರೂ ನನ್ನ ಹತ್ತಿರ ನಿಧಾನವಾಗಿ, ದೊಡ್ಡ ಸ್ವರದಲ್ಲಿ ಮಾತಾಡತೊಡಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು:

"ಮಗಾ, ನಾನು ಯಾರು ಅಂತ ಗೊತ್ತುಂಟಾ?"

"ಗೊತ್ತುಂಟು," ಎಂದೆ. "ನೀವು ವರನ ಕಡೆಯ ಅಜ್ಜಿ. ನಿಮ್ಮ ಸಾಲು ಆಚೆ ಬದಿಯಲ್ಲಿ. ಇಲ್ಲಿ ಕೂತಿರುವುದು ವಧುವಿನವರು."

ಕಾರಿನ ಪ್ರದಕ್ಷಿಣೆ

ಬ್ಯಾಟರಿಗೆ ವಯಸ್ಸಾಗಿರಬೇಕು ಎಂದು ಹೊಸತು ಹಾಕಿಸಿದೆ. ಅಂಗಡಿಯವರು ಹಳೆಯದನ್ನು ಎತ್ತಿಕೊಂಡು, "ಇದರ ಕತೆ ಮುಗಿದಿತ್ತು ಮೇಡಂ, ಇನ್ನು ನಿಶ್ಚಿಂತೆ," ಎಂದರು. ನಾನು ನಿಶ್ಚಿಂತೆಯಾಗಿ ಕೂರುವ ಜಾತಿಯವಳಲ್ಲ. ಪರೀಕ್ಷೆ ಮಾಡಿ ನೋಡಿದೆ. ದಿನಾ ಓಡಿಸಿದರೆ ಕಾರು ಸರಿ ಇರುತ್ತದೆ. ಎರಡು ದಿನ ನಿಲ್ಲಿಸಿದರೆ ಎಂಜಿನ್ ಸೋಮಾರಿಯಾಗಿ ತಿರುಗುತ್ತದೆ, ಹಾರ್ನಿನ ಸ್ವರ ನೆಗಡಿಯಾದವರ ಹಾಗೆ ಆಗುತ್ತದೆ. ಹಾಗಾದರೆ ಕಾರು ಸುಮ್ಮನೆ ನಿಂತಿರುವಾಗ ಒಳಗೆ ಯಾರೋ ಕರೆಂಟು ಕುಡಿಯುತ್ತಿದ್ದಾರೆ. ಯಾರು?

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಿಜ ಹೇಳಬೇಕೆಂದರೆ, ಕೀ ಕೊಡಬೇಕಾಗುವ ಅವಮಾನಕ್ಕಿಂತ ಕುತೂಹಲವೇ ಕೆಲವು ದಿನ ಹೆಚ್ಚಾಗಿತ್ತು. ಅಡುಗೆ ಮಾಡುವಾಗಲೂ ಕಿಟಕಿಯಿಂದ ಕಾರನ್ನು ನೋಡುತ್ತಿದ್ದೆ. ಅಷ್ಟು ಮುಗ್ಧವಾಗಿ ನಿಂತಿರುತ್ತಿತ್ತು.

ಯಾರ ಬಾಯಿಗೂ ಬೀಳಬಾರದೆಂದು ಹೊಸ ಕ್ರಮ ಶುರು ಮಾಡಿದೆ. ಕಾರಿನಿಂದ ಇಳಿದ ಮೇಲೆ ಎದುರಿನ ಎರಡು ಲೈಟುಗಳ ಮುಂದೆ ನಿಂತು ನೋಡುವುದು, ಗಾಜಿನ ಮೇಲೆ ಕೈಯಿಟ್ಟು ಬಿಸಿ ಇಲ್ಲ ಎಂದು ಖಚಿತ ಮಾಡುವುದು. ಬಲಗಡೆಯಿಂದ ಹಿಂದೆ ಹೋಗಿ ಹಿಂದಿನ ಲೈಟುಗಳನ್ನೂ ಹೀಗೇ ಮುಟ್ಟುವುದು. ಪ್ರತಿ ಬಾಗಿಲನ್ನು ಎಳೆದು ನೋಡುವುದು. ಕೊನೆಗೆ ಎದುರು ಬಂದು ಒಂದು ಕ್ಷಣ ಕಣ್ಣುಮುಚ್ಚಿ, ಎಲ್ಲ ನೋಡಿದೆನೇ ಎಂದು ಮನಸ್ಸಿನಲ್ಲಿ ಒಪ್ಪಿಸಿಕೊಳ್ಳುವುದು.

ನಮ್ಮ ಬೀದಿಗೆ ಹೂ ತರುವ ಹೆಂಗಸು ಇದನ್ನು ಗೇಟಿನ ಹೊರಗಿನಿಂದ ಕೆಲವು ದಿನ ನೋಡಿದಳು. ಒಂದು ದಿನ ಚಪ್ಪಲಿ ಬಿಟ್ಟು ಒಳಗೆ ಬಂದು, ಬಾನೆಟ್ಟಿನ ಮೇಲೆ ಒಂದು ತುಂಡು ಸೇವಂತಿಗೆ ಇಟ್ಟು, ಮೆಲ್ಲಗೆ ಕೇಳಿದಳು:

"ಅಮ್ಮ, ನನ್ನ ಸೊಸೆಗೂ ಇನ್ನೂ ಆಗ್ಲಿಲ್ಲ. ಈ ಕಾರಿಗೆ ಎಷ್ಟು ಸುತ್ತು ಬಂದರೆ ಮಕ್ಕಳಾಗ್ತದೆ?"

ಗುಂಡಿ ಒತ್ತಿದ ಬೆರಳು

ಕೊನೆಗೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೆ ಕರೆಸಿದೆ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಬಿಚ್ಚಿದ ಜಾಗದಲ್ಲಿ ಒಂದು ಸಣ್ಣ ಬಲ್ಬು ಸಿಕ್ಕಿಸಿದರು. ನಾನು ಪಕ್ಕದಲ್ಲೇ ನಿಂತೆ.

"ಇದೆಂತದಕ್ಕೆ?"

"ಕಾರಿನಲ್ಲಿ ಎಲ್ಲ ಬಂದ್ ಇದ್ದರೆ ಈ ಬಲ್ಬು ಉರಿಯಬಾರದು ಮೇಡಂ. ಉರಿದರೆ ಒಳಗೆ ಯಾರೋ ಕುಡಿಯುತ್ತಾ ಇದ್ದಾರೆ ಅಂತ ಲೆಕ್ಕ. ಫ್ಯೂಸ್ ಒಂದೊಂದೇ ತೆಗೀತಾ ಹೋಗುವುದು. ಯಾವುದು ತೆಗೆದಾಗ ಬಲ್ಬು ಆರ್ತದೋ, ಆ ಲೈನಿನಲ್ಲಿ ಕಳ್ಳ."

ಎಷ್ಟು ಚಂದದ ವಿಧಾನ! ಸಿಸ್ಟರ್ ಲ್ಯಾಬಿನಲ್ಲಿ ನಮಗೆ ಮಾಡಿಸುತ್ತಿದ್ದದ್ದೂ ಇದನ್ನೇ. ಬಲ್ಬು ಉರಿಯಿತು. ನನಗೆ ಒಳಗೊಳಗೆ ಸಂತೋಷವಾಯಿತು, ಕಳ್ಳ ಇದ್ದಾನೆ, ಅದು ನಾನಲ್ಲ.

ಒಂದು ತೊಂದರೆ ಬಂತು. ಫ್ಯೂಸ್ ಪೆಟ್ಟಿಗೆ ಸ್ಟಿಯರಿಂಗಿನ ಕೆಳಗೆ. ಅದಕ್ಕೆ ಕೈ ಹಾಕಬೇಕಾದರೆ ಡ್ರೈವರ್ ಬದಿಯ ಬಾಗಿಲು ತೆರೆದಿರಬೇಕು. ಬಾಗಿಲು ತೆರೆದರೆ ಕಾರಿನ ಒಳಗಿನ ಲೈಟು ಉರಿಯುತ್ತದೆ, ಲೆಕ್ಕ ತಪ್ಪುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಗುಂಡಿ ಇದೆ. ಬಾಗಿಲು ಮುಚ್ಚಿದಾಗ ಅದು ಒತ್ತಿಹೋಗಿ ಲೈಟು ಆರುತ್ತದೆ. ಅದನ್ನು ಯಾರಾದರೂ ಬೆರಳಿನಿಂದ ಒತ್ತಿ ಹಿಡಿಯಬೇಕು.

ಯಜಮಾನರು ಬಿಡುವಾಗಿದ್ದರು. ಒಂದು ಕೈಯ ಬೆರಳು ಗುಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಪೇಪರ್.

ಎಲೆಕ್ಟ್ರಿಷಿಯನ್ ಫ್ಯೂಸುಗಳನ್ನು ತೆಗೆಯುತ್ತಾ ಹೋದರು. ವೈಪರಿನದ್ದು ತೆಗೆದರು, ಬಲ್ಬು ಜೋರಾಯಿತು. "ವೈಪರಿನಲ್ಲಿ ಉಂಟು!" ಎಂದರು. ಮತ್ತೆ ಹಾಕಿದರು, ಬಲ್ಬು ಮಂದವಾಯಿತು. "ಅಲ್ಲ, ಇಲ್ಲ." ಹಾರ್ನಿನದ್ದು ತೆಗೆದರು, ಬಲ್ಬು ಮತ್ತೆ ಜೋರು. ಹತ್ತು ನಿಮಿಷದಲ್ಲಿ ಕಾರಿನಲ್ಲಿದ್ದ ಪ್ರತಿಯೊಂದು ವಸ್ತುವಿನ ಮೇಲೂ ಸಂಶಯ ಬಂದು ಹೋಯಿತು. ಅವರು ತಲೆ ಕೆರೆದುಕೊಂಡು ಡಿಕ್ಕಿ ತೆರೆದು ಒಳಗೆ ನೋಡಿದರು. ಹಿಂಗಾರ ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದು, ಯಾವುದನ್ನೂ ಮುಟ್ಟದೆ, ಡಿಕ್ಕಿಯನ್ನು ಮೆಲ್ಲಗೆ ಮುಚ್ಚಿದರು.

ಕೊನೆಗೆ ಒಂದು ಫ್ಯೂಸ್ ತೆಗೆದಾಗ ಬಲ್ಬು ಪೂರ್ತಿ ಆರಿತು. "ಸಿಕ್ಕಿತು ಮೇಡಂ! ರೇಡಿಯೋ, ಒಳಗಿನ ಲೈಟು, ಡಿಕ್ಕಿ ಲೈಟು, ಮೂರಕ್ಕೂ ಇದು ಒಂದೇ ಲೈನು. ಲೈಟುಗಳು ಬಂದ್ ಉಂಟು. ಹಾಗಾದರೆ ರೇಡಿಯೋ." ರೇಡಿಯೋ ಕಿತ್ತು ಕೈಗೆ ಕೊಟ್ಟರು. ಡ್ಯಾಶ್‌ಬೋರ್ಡಿನಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ತೂತು ಉಳಿಯಿತು.

ಅವರು ಹೋದ ಮೇಲೆ ನಾನು ಯೋಚಿಸಿದೆ. ವೈಪರಿನ ಫ್ಯೂಸ್ ತೆಗೆದರೆ ಬಲ್ಬು ಜೋರಾಗುವುದು ಹೇಗೆ? ಕಡಿಮೆಯಾಗಬೇಕಲ್ಲ? ಯಜಮಾನರ ಕಡೆ ನೋಡಿದೆ.

"ನೀವು ಗುಂಡಿಯಿಂದ ಬೆರಳು ತೆಗೆದಿರಾ?"

"ಇಲ್ಲ," ಎಂದರು. ಪೇಪರಿನ ಮುಂದಿನ ಪುಟಕ್ಕೆ ಹೋಗಿ, "ಪುಟ ತಿರುಗಿಸುವಾಗ ಮಾತ್ರ," ಎಂದರು.

ಡಿಕ್ಕಿಯ ಒಳಗಿನ ಸತ್ಯ

ಒಂದು ಭಾನುವಾರ ಮೈದುನ ಊಟಕ್ಕೆ ಬಂದ. ಅವನನ್ನು ಬಿಟ್ಟು ಬರಲು ಹೊರಟಾಗ, ಮೂರು ದಿನ ನಿಂತಿದ್ದ ಕಾರು ಟಕ್ ಎಂದಿತು. ಅವನ ಎದುರೇ ಎಂದಿತು. ರೇಡಿಯೋ ಇಲ್ಲದ ತೂತನ್ನು ನೋಡಿದ, ನನ್ನನ್ನು ನೋಡಿದ, ಕೈ ಚಾಚಿದ.

"ಕೀ ಕೊಡಿ ಅತ್ತಿಗೆ. ಎರಡೂ."

ಮಾತು ಮಾತೇ. ಎಲ್ಲರ ಎದುರು ಒಪ್ಪಿದ್ದು, ಒಪ್ಪದಿದ್ದರೂ ಸುಮ್ಮನಿದ್ದದ್ದು. ಎರಡೂ ಕೀ ಕೊಟ್ಟೆ. ಅವನು ಅವನ್ನು ಶರ್ಟಿನ ಕಿಸೆಗೆ ಹಾಕಿಕೊಂಡ. "ಬೇಜಾರು ಮಾಡಬೇಡಿ. ಪ್ರಾಯಕ್ಕೆ ಯಾರೂ ಎಂತ ಮಾಡ್ಲಿಕ್ಕಾಗುವುದಿಲ್ಲ."

"ಕೀ ನಿನ್ನ ಹತ್ತಿರವೇ ಇರಲಿ," ಎಂದೆ. "ನನಗೆ ಒಂದು ಪರೀಕ್ಷೆ ಮಾಡಿ ನೋಡಬೇಕು. ನೀನು ನಿಂತು ನೋಡು."

ಅಂಥದ್ದೇ ಬಲ್ಬೊಂದನ್ನು ನಾನೂ ತರಿಸಿಟ್ಟುಕೊಂಡಿದ್ದೆ. ತಂತಿ ಬಿಚ್ಚಿ ಸಿಕ್ಕಿಸಿದೆ. ಈ ಸಲ ಬಾಗಿಲ ಗುಂಡಿಗೆ ಯಜಮಾನರ ಬೆರಳಿನ ಬದಲು ಗಾಯಕ್ಕೆ ಹಚ್ಚುವ ಪಟ್ಟಿ ಬಿಗಿಯಾಗಿ ಅಂಟಿಸಿದೆ. ಎಂಜಿನ್ ತಿರುಗಿಸುವ ಶಕ್ತಿ ಬ್ಯಾಟರಿಯಲ್ಲಿ ಇರಲಿಲ್ಲ, ಸಣ್ಣ ಬಲ್ಬು ಮಂಕಾಗಿ ಉರಿಯುವಷ್ಟು ಇತ್ತು. ಫ್ಯೂಸುಗಳನ್ನು ತೆಗೆದೆ. ವೈಪರಿನದ್ದು, ಹಾರ್ನಿನದ್ದು, ಯಾವುದಕ್ಕೂ ಬಲ್ಬು ಕದಲಲಿಲ್ಲ. ಆ ಒಂದು ಲೈನಿನದ್ದು ತೆಗೆದೆ. ಆರಿತು.

"ನೋಡು. ಈ ಲೈನಿನಲ್ಲಿ ಮೂರು ಉಂಟು. ರೇಡಿಯೋ ಕಾರಿನಲ್ಲೇ ಇಲ್ಲ, ಕಪಾಟಿನಲ್ಲಿದೆ. ಒಳಗಿನ ಲೈಟು ಉರಿಯುತ್ತಿಲ್ಲ, ಕಣ್ಣಿಗೆ ಕಾಣುತ್ತದೆ. ಉಳಿದದ್ದು ಡಿಕ್ಕಿಯ ಲೈಟು. ಡಿಕ್ಕಿ ಮುಚ್ಚಿದ ಮೇಲೆ ಅದು ಆರುತ್ತದೆ ಎಂದು ಯಾರು ನೋಡಿದ್ದಾರೆ?"

"ಮುಚ್ಚಿದರೆ ಆರ್ತದೆ ಮಾರಾಯ್ರೆ! ಫ್ರಿಜ್ಜಿನ ಲೈಟಿನ ಹಾಗೆ."

"ಫ್ರಿಜ್ಜಿನದ್ದನ್ನೂ ಯಾರೂ ನೋಡಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಾಕಿ ಒಳಗೆ ಇಟ್ಟು ಮುಚ್ಚೋಣ."

"ಮೊಬೈಲಿಗೆ ಎಂತ ಗೊತ್ತುಂಟು? ಆಮೇಲೆ ಅದರಲ್ಲಿ ಎಂತದೋ ಕಂಡಿತು ಅಂತ ನೀವು ವಾದ ಮಾಡ್ತೀರಿ. ನಾನೇ ಒಳಗೆ ಹೋಗಿ ನೋಡ್ತೇನೆ. ರಕ್ಷೆ ಇರುವ ಜಾಗದಲ್ಲಿ ದೋಷ ಹೇಗೆ ಬರ್ತದೆ, ನಾನೂ ನೋಡ್ತೇನೆ!"

ನಾನು ತಂತಿಯನ್ನು ಮೊದಲಿನಂತೆ ಜೋಡಿಸಿ, ಫ್ಯೂಸ್ ಹಾಕಿದೆ. ಬಾಗಿಲು ಅರ್ಧ ತೆರೆದಿತ್ತು ಎಂದು ಆಮೇಲೆ ನಾನು ನೆಪ ಹೇಳಬಾರದೆಂದು ಅವನು ಪ್ರತಿ ಬಾಗಿಲಿಗೂ ಕೀಲಿ ಹಾಕಿ, ಕೀಯಿಂದಲೇ ಡಿಕ್ಕಿ ತೆರೆದು, ಕೀ ಮತ್ತೆ ಕಿಸೆಗೆ ಹಾಕಿಕೊಂಡ. ಚಪ್ಪಲಿ ಬಿಟ್ಟು, ರಕ್ಷೆಗೆ ಕೈ ಮುಗಿದು, ಡಿಕ್ಕಿಗೆ ಹತ್ತಿದ. ಮೊದಲು ತಲೆ ಹೋಯಿತು, ಕಾಲು ಹೋಯಿತು. ಹೊಟ್ಟೆಯ ವಿಚಾರದಲ್ಲಿ ಯಜಮಾನರು ಸ್ವಲ್ಪ ಸಹಾಯ ಮಾಡಬೇಕಾಯಿತು. ಮುಚ್ಚಳ ಒತ್ತಿ ಮುಚ್ಚಿದರು. ಅಷ್ಟರಲ್ಲಿ ಪಕ್ಕದ ಮನೆಯ ಪ್ರೊಫೆಸರರು ಕಂಪೌಂಡಿನ ಮೇಲೆ ಗಲ್ಲವಿಟ್ಟು ನಿಂತಿದ್ದರು.

"ಎಂತ ಕಾಣ್ತದೆ?" ಎಂದು ಕೂಗಿದೆ.

ಒಳಗೆ ಅವನು ಹೊರಳಿದ್ದು ಕೇಳಿಸಿತು. ಮತ್ತೆ ಸ್ವರ ಬಂತು.

"ಎಂತ ಇಲ್ಲ! ಕತ್ತಲೆ! ಪೂರ್ತಿ ಕತ್ತಲೆ ಅತ್ತಿಗೆ!"

"ಕತ್ತಲೆಯಂತೆ," ಎಂದರು ಯಜಮಾನರು, ಬೇಸರದಿಂದ.

ನನಗೆ ಆಗ ಆದದ್ದನ್ನು ಹೇಗೆ ಹೇಳಲಿ? ಇಷ್ಟು ದಿನದ ಯೋಚನೆ, ಬಲ್ಬು, ಪಟ್ಟಿ, ಎಲ್ಲ ಸುಳ್ಳು. ಮೊದಲ ಸಲ ನನಗೇ ಅನುಮಾನ ಬಂತು. ನಾನು ನಿಜವಾಗಿಯೂ ಲೈಟು ಆರಿಸುತ್ತಿದ್ದೆನೇ? ತಿರುಗಿ ನೋಡಿದ್ದೆ ಎಂದು ನೆನಪಿದೆ. ನೆನಪಿದೆ ಎಂಬುದೇ ಕಾಯಿಲೆ ಎಂದಿದ್ದನಲ್ಲ. ತಂದೆಯವರ ಕಾರಿನ ಮೇಲೆ ಕೈಯಿಟ್ಟು ನಿಂತೆ.

"ಸರಿ, ಇನ್ನು ತೆಗೆಯಿರಿ," ಎಂದ ಒಳಗಿನಿಂದ.

"ಕೀ ಎಲ್ಲಿ?"

"ಕೀ... ಅಯ್ಯೋ. ಕೀ ನನ್ನ ಕಿಸೆಯಲ್ಲಿ ಉಂಟು."

ಯಜಮಾನರು ಎಲ್ಲ ಬಾಗಿಲು ಎಳೆದು ನೋಡಿದರು. ಅವನೇ ಕೀಲಿ ಹಾಕಿದ್ದು, ಚೆನ್ನಾಗಿಯೇ ಹಾಕಿದ್ದ. ಡಿಕ್ಕಿ ತೆರೆಯುವ ಹಿಡಿ ಒಳಗೆ, ಡ್ರೈವರ್ ಸೀಟಿನ ಪಕ್ಕ. ಪ್ರೊಫೆಸರರು ಕಂಪೌಂಡಿನ ಮೇಲಿಂದ "ಗಾಜು ಒಡೆಯಬೇಕು," ಎಂದರು. ತಂದೆಯವರ ಕಾರಿನ ಗಾಜು ನಾನು ಇರುವವರೆಗೆ ಯಾರೂ ಒಡೆಯುವುದಿಲ್ಲ.

"ಗಾಬರಿಯಾಗಬೇಡ," ಎಂದೆ. "ನಿನ್ನ ತಲೆಯ ಹತ್ತಿರ ಮುಚ್ಚಳ 'ಟಕ್' ಎಂದು ಹಿಡಿದ ಜಾಗ ಉಂಟಲ್ಲ, ಅಲ್ಲಿ ಒಂದು ಕೊಕ್ಕೆ ಇರುತ್ತದೆ. ಕತ್ತಲೆಯಲ್ಲಿ ಕೈಯಾಡಿಸಿ ಹುಡುಕು. ನಿಧಾನ."

"ಹುಡುಕುವುದೆಂತ, ಇಲ್ಲೇ ಎದುರಿಗೆ ಉಂಟು. ಎರಡು ಉಂಟು ಅತ್ತಿಗೆ, ಒಂದು ಹಳದಿ ಪ್ಲಾಸ್ಟಿಕಿನದ್ದು, ಪಕ್ಕದಲ್ಲಿ ಒಂದು ಬಿಳಿ ಸರಳು. ಯಾವುದು ಒತ್ತಬೇಕು?"

ನಾನು ಕಾರಿನ ಮೇಲಿದ್ದ ಕೈ ತೆಗೆದೆ.

"ಅತ್ತಿಗೆ? ಇದ್ದೀರಾ? ಹಳದಿಯಾ, ಬಿಳಿಯಾ?"

"ಯಾವ ಬಣ್ಣ ಎಂದೆ?"

"ಹಳದಿ."

"ಪೂರ್ತಿ ಕತ್ತಲೆಯಲ್ಲಿ?"

ಯಜಮಾನರು ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಅಡುಗೆಮನೆಯಲ್ಲಿ ಒಗ್ಗರಣೆ ಹೊತ್ತಿದಾಗಲೂ ಅವರು ಹಾಗೆ ಮಾಡಿದ್ದಿಲ್ಲ. ಪ್ರೊಫೆಸರರು ಕಂಪೌಂಡಿನ ಮೇಲೆ ಇನ್ನಷ್ಟು ಬಗ್ಗಿದರು.

ಡಿಕ್ಕಿಯಿಂದ ಸಣ್ಣ ಸ್ವರದಲ್ಲಿ, "ಒಂದು ಚೂರು ಲೈಟ್ ಉಂಟು ಅತ್ತಿಗೆ," ಎಂದ.

"ಯಾವಾಗಿನಿಂದ?"

"ಮೊದಲಿಂದಲೇ."

"ಸರಿಯಾಗಿ ಕೇಳಲಿಲ್ಲ. ಪ್ರೊಫೆಸರರಿಗೂ ಕೇಳಬೇಕು."

"ಲೈಟ್ ಉಂಟು! ಮುಚ್ಚಿದಾಗಿನಿಂದಲೂ ಉಂಟು! ಸೆಕೆ ಆಗ್ತದೆ ಮಾರಾಯ್ರೆ, ಯಾವುದು ಒತ್ತಬೇಕು?"

"ಹಳದಿ," ಎಂದೆ. ಬೇಕೆಂದರೆ ಇನ್ನೂ ಸ್ವಲ್ಪ ಹೊತ್ತು ತಡೆದು ಹೇಳಬಹುದಿತ್ತು. ನಮ್ಮ ಮನೆತನದಲ್ಲಿ ಆ ಪದ್ಧತಿ ಇಲ್ಲ.

ಮುಚ್ಚಳ ತೆರೆಯಿತು. ಬೆವರಿನಲ್ಲಿ ನೆನೆದು, ಮೊಣಕಾಲಿನ ಮೇಲೆ ಅವನು ಹೊರಗೆ ಬಂದ. ನಾನು ಒಳಗೆ ಬಗ್ಗಿ ನೋಡಿದೆ. ಡಿಕ್ಕಿಯ ಅಂಚಿನಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಇದ್ದಂಥದ್ದೇ ಒಂದು ಗುಂಡಿ ಕಡ್ಡಿಯ ಹಾಗೆ ಮೇಲೆದ್ದು ನಿಂತಿತ್ತು.

"ಇದು ನಾನು ಒತ್ತಿ ಹಿಡಿದಿದ್ದ ಗುಂಡಿಯ ಹಾಗೇ ಉಂಟು," ಎಂದರು ಯಜಮಾನರು. ಈ ವಿಷಯದಲ್ಲಿ ಅವರಿಗೆ ಅನುಭವವಿದೆ. ಬೆರಳಿಟ್ಟು ಒತ್ತಿದರು. ಅದು ಇಳಿಯಲಿಲ್ಲ.

ಇಳಿಯುವುದು ಹೇಗೆ? ಅದರ ಕತ್ತಿಗೆ ಅರಶಿನದ ನೂಲು ಸುತ್ತಿ, ಸುತ್ತಿ, ಸುತ್ತಿ, ಗಂಟು ಹಾಕಿ, ಆ ಗಂಟಿನಿಂದ ರಕ್ಷೆಯನ್ನು ನೇತು ಹಾಕಲಾಗಿತ್ತು. ಮುಚ್ಚಳ ಮುಚ್ಚಿದರೂ ಗುಂಡಿ ಕೆಳಗೆ ಹೋಗುತ್ತಿರಲಿಲ್ಲ. ಲೈಟು ಹಗಲಿರುಳು ರಕ್ಷೆಗೆ ದೀಪ ಹಿಡಿದು ನಿಂತಿತ್ತು. ಡಿಕ್ಕಿಯಲ್ಲಿ ಮೀನು ಇಡದೆ, ರಕ್ಷೆಯನ್ನು ಮುಟ್ಟದೆ, ನಾವೆಲ್ಲರೂ ಭಕ್ತಿಯಿಂದ ಅದನ್ನು ಕಾಪಾಡಿದ್ದೆವು.

ಯಾರು ಕಟ್ಟಿದ್ದು ಎಂದು ಯಾರೂ ಕೇಳಲಿಲ್ಲ. ಮೂವರೂ ಅವನನ್ನೇ ನೋಡಿದೆವು.

ಅವನು ಕೈ ತೊಳೆದು ಬಂದು, ಕೈ ಮುಗಿದು, ಗಂಟು ಬಿಚ್ಚಿದ. ಬಿಚ್ಚಲು ಬಹಳ ಹೊತ್ತು ಬೇಕಾಯಿತು. ಯಜಮಾನರು ಗುಂಡಿ ಒತ್ತಿದರು, ಲೈಟು ಆರಿತು. ರಕ್ಷೆಯನ್ನು ನಾನು ಗೌರವದಿಂದ ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. ದೈವದ ಮೇಲೆ ನನಗೆ ಯಾವ ತಕರಾರೂ ಇಲ್ಲ. ಇರುವುದು ಗಂಟು ಹಾಕಿದವನ ಮೇಲೆ.

ಈಗ ಕಾರು ಒಂದು ವಾರ ನಿಂತರೂ ಬ್ಯಾಟರಿ ಗಟ್ಟಿಯಾಗಿದೆ. ಹಾರ್ನಿನ ನೆಗಡಿ ಹೋಗಿದೆ. ಬಂಗುಡೆ ಡಿಕ್ಕಿಗೆ ಮರಳಿದೆ, ಯಜಮಾನರು ಮುಂದಿನ ಸೀಟಿಗೆ ಮರಳಿದ್ದಾರೆ, ರೇಡಿಯೋ ಅದರ ತೂತಿಗೆ ಮರಳಿದೆ. ಎರಡೂ ಕೀ ನನ್ನ ಕೈಯಲ್ಲಿವೆ.

ಆ ದಿನ ಅವನು ಮುಖ ಒರೆಸಿಕೊಂಡು, ಕಾಫಿ ಕುಡಿದು, ಹೊರಡುವಾಗ ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ: "ಎಂತದೇ ಹೇಳಿ ಅತ್ತಿಗೆ, ರಕ್ಷೆ ಅದರ ಕೆಲಸ ಮಾಡಿತು. ಕಾರು ಮನೆ ಬಿಟ್ಟು ಹೊರಡಲೇ ಇಲ್ಲದಿದ್ದರೆ ಆಕ್ಸಿಡೆಂಟ್ ಎಲ್ಲಿಂದ ಆಗ್ತದೆ?"

ಇದು ಕ್ಷಮೆಯಲ್ಲ. ನನಗೆ ಮರೆವು ಎಂದು ಅವನು ಹೇಳಿದ್ದು ಊಟದ ಸಾಲಿನಲ್ಲಿ, ಇಡೀ ಕುಟುಂಬಕ್ಕೆ ಕೇಳುವಂತೆ. ಕುಟುಂಬದಲ್ಲಿ ಮುಂದಿನ ಮದುವೆ ಬರಲಿದೆ, ಅದೇ ಜನ ಅದೇ ಸಾಲಿನಲ್ಲಿ ಕೂರಲಿದ್ದಾರೆ. ಪಾಯಸ ಬರುವ ಮೊದಲು ಅವನು ಎದ್ದು ನಿಂತು, ಅಷ್ಟೇ ದೊಡ್ಡ ಸ್ವರದಲ್ಲಿ, ನನ್ನ ಕ್ಷಮೆ ಕೇಳಬೇಕು.